ಮಳೆಗಾಲದಲ್ಲಿ ಕೋಳಿ ಗೊರಗುಟ್ಟಿದರೆ: ಹಿತ್ತಲ ಕೋಳಿಗಳ ಉಸಿರಾಟದ ಕಾಯಿಲೆಗಳು

ಮುಂಗಾರು ಹಿಡಿದು ಹದಿನೈದು ದಿನ ಕಳೆಯುವಷ್ಟರಲ್ಲಿ ಕೊಡಗಿನ ಔಷಧಿ ಅಂಗಡಿಗಳಲ್ಲಿ ಒಂದೇ ಬೇಡಿಕೆ: “ಕೋಳಿಗೆ ಶೀತ ಹಿಡಿದಿದೆ, ಏನಾದರೂ ಪುಡಿ ಕೊಡಿ.” ಅಂಗಡಿಯವರು ಕೈಗೆ ಸಿಕ್ಕ ಆಂಟಿಬಯೋಟಿಕ್ ಕೊಡುತ್ತಾರೆ. ಕೆಲವು ಕೋಳಿ ಚೇತರಿಸಿಕೊಳ್ಳುತ್ತವೆ, ಕೆಲವು ಸಾಯುತ್ತವೆ, ಉಳಿದವು ಮುಂದಿನ ಮಳೆಗೆ ಮತ್ತೆ ಗೊರಗುಟ್ಟುತ್ತವೆ. ಹೊರಗಿನಿಂದ ಒಂದೇ ಥರ ಕಾಣುವ ಈ ತೊಂದರೆಯ ಹಿಂದೆ ಏಳೆಂಟು ಬೇರೆ ಬೇರೆ ಕಾಯಿಲೆಗಳಿವೆ. ಒಂದೆರಡಕ್ಕೆ ಔಷಧಿ ಇದೆ, ಕೆಲವಕ್ಕೆ ಲಸಿಕೆ ಬಿಟ್ಟರೆ ಗತಿಯಿಲ್ಲ, ಒಂದಕ್ಕಂತೂ ಎರಡೂ ಇಲ್ಲ. ಆದರೆ ಹೆಚ್ಚಿನವು ಬಲಿಯುವುದು ಒಂದೇ ಕಾರಣಕ್ಕೆ: ನೆಲದ ಹಾಸು ಒದ್ದೆಯಾಗಿ ಗೂಡಿನಲ್ಲಿ ಗಾಳಿ ಕೆಟ್ಟಿರುತ್ತದೆ. ಅದನ್ನು ಸರಿಪಡಿಸದೆ ಎಷ್ಟು ಪುಡಿ ಕಲಸಿದರೂ ದುಡ್ಡು ದಂಡ.

ಕೋಳಿಯ ಉಸಿರಾಟ

ಕೋಳಿಗೆ ನಮ್ಮ ಹಾಗೆ ವಪೆ, ಅಂದರೆ ಎದೆ ಹೊಟ್ಟೆಗಳ ನಡುವೆ ಇದ್ದು ಉಸಿರೆಳೆಯುವ ಸ್ನಾಯು, ಇಲ್ಲ. ಶ್ವಾಸಕೋಶ ಚಿಕ್ಕದು, ಬೆನ್ನಿನ ಕಡೆ ಪಕ್ಕೆಲುಬಿಗೆ ಅಂಟಿಕೊಂಡಿರುತ್ತದೆ, ಹೆಚ್ಚು ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಗಾಳಿಯನ್ನು ಎಳೆದು ತಳ್ಳುವುದು ಕತ್ತಿನ ಬುಡದಿಂದ ಹೊಟ್ಟೆಯವರೆಗೆ ಹರಡಿರುವ ಒಂಬತ್ತು ತೆಳು ಗಾಳಿಚೀಲಗಳು. ಎದೆಯ ಗೂಡು ಮುಂದೆ ಹಿಂದೆ ಆಡಿದರೆ ಮಾತ್ರ ಅವುಗಳಿಗೆ ಗಾಳಿ ತುಂಬುತ್ತದೆ. ಹಾಗಾಗಿ ಕಾಯಿಲೆಯ ಕೋಳಿಯನ್ನು ಹಿಡಿಯುವಾಗ ಎದೆಯನ್ನು ಬಿಗಿಯಾಗಿ ಅಮುಕಬಾರದು. ಮೊದಲೇ ಉಸಿರಿಗೆ ಒದ್ದಾಡುತ್ತಿರುವ ಕೋಳಿ ಕೈಯಲ್ಲೇ ಸಾಯಬಹುದು. ರೆಕ್ಕೆಗಳನ್ನು ಮೈಗೆ ಸೇರಿಸಿ, ಕೆಳಗಿನಿಂದ ಅಂಗೈಯ ಆಸರೆ ಕೊಟ್ಟು ಎತ್ತಬೇಕು.

ಈ ಗಾಳಿಚೀಲಗಳಿಗೆ ರಕ್ತನಾಳ ತುಂಬ ಕಡಿಮೆ. ರಕ್ತ ಸರಿಯಾಗಿ ಹೋಗದ ಕಡೆ ಔಷಧಿಯೂ ಸರಿಯಾಗಿ ತಲುಪುವುದಿಲ್ಲ. ಒಳಗೆ ಸೇರಿದ ಸೋಂಕು ತಿಂಗಳುಗಟ್ಟಲೆ ಹಾಗೇ ಕೂತಿರುವುದು ಇದರಿಂದಲೇ. ಇನ್ನೊಂದು ವಿಷಯ ಕೀವಿನದು. ಕೋಳಿಯ ಕೀವು ನಮ್ಮದರಂತೆ ನೀರಾಗಿ ಹರಿಯುವುದಿಲ್ಲ, ಗಿಣ್ಣಿನಂತೆ ಗಟ್ಟಿಯಾಗುತ್ತದೆ. ಕಣ್ಣಿನ ಕೆಳಗೆ ಗಟ್ಟಿ ಗಂಟು ಕಟ್ಟಿ ಎರಡು ವಾರ ಕಳೆದ ಮೇಲೆ ಯಾವ ಔಷಧಿ ಕುಡಿಸಿದರೂ ಅದು ಕರಗುವುದಿಲ್ಲ, ವೈದ್ಯರು ಕೊಯ್ದು ತೆಗೆಯಬೇಕಾಗುತ್ತದೆ.

ಶ್ವಾಸನಾಳದ ಒಳಗೋಡೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಉಸಿರಿನ ಜೊತೆ ಬಂದ ಧೂಳು, ರೋಗಾಣುಗಳನ್ನು ಲೋಳೆಯ ಜೊತೆ ಮೇಲಕ್ಕೆ ತಳ್ಳುವುದೇ ಅವುಗಳ ಕೆಲಸ. ಅಮೋನಿಯಾ ಇವುಗಳನ್ನು ನಿಶ್ಚಲಗೊಳಿಸುತ್ತದೆ, ಹೆಚ್ಚಾದರೆ ಉದುರಿಸಿಬಿಡುತ್ತದೆ. ಗೂಡಿನ ಗಾಳಿಯಲ್ಲಿ ಹತ್ತು ಲಕ್ಷ ಭಾಗಕ್ಕೆ 25 ಭಾಗ ಅಮೋನಿಯಾ ಸೇರಿದರೆ ಸಾಕು, ಹಾನಿ ಆಗುತ್ತದೆ. ನಮ್ಮ ಮೂಗಿಗೆ ಆ ವಾಸನೆ ಗೊತ್ತಾಗುವುದೂ ಹೆಚ್ಚುಕಡಿಮೆ ಆ ಮಟ್ಟಕ್ಕೆ ಬಂದಾಗಲೇ. ಬೆಳಿಗ್ಗೆ ಗೂಡಿನ ಬಾಗಿಲು ತೆಗೆದ ತಕ್ಷಣ, ನಿಂತಲ್ಲಿಂದ ಅಲ್ಲ, ಕೋಳಿ ಕೂರುವ ಎತ್ತರಕ್ಕೆ ಬಗ್ಗಿ ಮೂಸಿ ನೋಡಿ. ಕಣ್ಣು ಚುರುಗುಟ್ಟಿದರೆ ಆ ಕೋಳಿಗಳು ರಾತ್ರಿಯಿಡೀ ಅದನ್ನೇ ಉಸಿರಾಡಿವೆ ಎಂದರ್ಥ.

ಮುಚ್ಚಿದ ಗೂಡೇ ಮೊದಲ ಶತ್ರು

ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್‌ಗೂ ಹೆಚ್ಚು ಮಳೆ. ಭಾಗಮಂಡಲದ ಕಡೆ ಇನ್ನೂ ಹೆಚ್ಚು. ಕುಶಾಲನಗರದ ಕಡೆಗೆ ಇಳಿದರೆ ಅದರ ಅರ್ಧವೂ ಇಲ್ಲ. ಮಳೆ ಹೆಚ್ಚಿರುವ ಕಡೆ ಜನ ಮಾಡುವ ಮೊದಲ ಕೆಲಸ ಗೂಡಿಗೆ ನಾಲ್ಕೂ ಕಡೆ ಟಾರ್ಪಲ್ ಸುತ್ತುವುದು. ಚಳಿ ತಾಗದಿರಲಿ ಎಂಬ ಕಾಳಜಿ ಅದು. ಆದರೆ ಬೆಳೆದ ಕೋಳಿಗೆ ಕೊಡಗಿನ ಚಳಿ ದೊಡ್ಡ ವಿಷಯವೇ ಅಲ್ಲ. ಅದರ ಮೈ ಬಿಸಿ ಸುಮಾರು 41 ಡಿಗ್ರಿ, ಮೇಲೆ ಗರಿಯ ಹೊದಿಕೆ. ಗರಿ ಒಣಗಿದ್ದರೆ 10 ಡಿಗ್ರಿಯಲ್ಲೂ ಆರಾಮವಾಗಿ ನಿದ್ದೆ ಮಾಡುತ್ತದೆ. ತಡೆಯಲಾಗದ್ದು ತೇವ.

ಹನ್ನೆರಡು ಹೇಂಟೆಗಳು ದಿನಕ್ಕೆ ಸುಮಾರು ಎರಡೂವರೆ ಲೀಟರ್ ನೀರು ಕುಡಿಯುತ್ತವೆ. ಅದರ ಬಹುಪಾಲು ಹಿಕ್ಕೆಯಾಗಿ, ಉಸಿರಿನ ಹಬೆಯಾಗಿ ಹೊರಬರುತ್ತದೆ. ಸುತ್ತ ಪ್ಲಾಸ್ಟಿಕ್ ಇದ್ದರೆ ಆ ಹಬೆ ಶೀಟಿಗೆ ತಾಗಿ ಹನಿಯಾಗಿ ಮತ್ತೆ ಹಾಸಿನ ಮೇಲೆಯೇ ಬೀಳುತ್ತದೆ. ಒದ್ದೆ ಹಾಸಿನಲ್ಲಿ ಹಿಕ್ಕೆ ಕೊಳೆತು ಅಮೋನಿಯಾ ಏಳುತ್ತದೆ, ಜೊತೆಗೆ ಬೂಷ್ಟು ಹಿಡಿಯುತ್ತದೆ.

ಮಾಡಬೇಕಾದ್ದು ಇಷ್ಟು. ಗಾಳಿ ಬೀಸುವ ಕಡೆ, ಕೊಡಗಿನಲ್ಲಿ ಸಾಮಾನ್ಯವಾಗಿ ಪಶ್ಚಿಮ ಮತ್ತು ನೈಋತ್ಯ, ಕೋಳಿ ಕೂತಾಗ ಅದರ ತಲೆಯ ಮಟ್ಟದವರೆಗೆ ಹಲಗೆಯನ್ನೋ ಟಾರ್ಪಲನ್ನೋ ಹಾಕಿ. ಅದರ ಮೇಲೆ, ಮಾಡಿನ ಕೆಳಗೆ, ಎದುರುಬದುರು ಎರಡು ಗೋಡೆಗಳಲ್ಲಿ ಆರರಿಂದ ಒಂಬತ್ತು ಇಂಚು ತೆರಪು ಬಿಡಿ. ಆ ತೆರಪಿಗೆ ಅರ್ಧ ಇಂಚಿನ ವೆಲ್ಡ್ ಮೆಶ್ ಹೊಡೆದರೆ ಮುಂಗುಸಿ, ಪುನುಗು ಬೆಕ್ಕು ನುಗ್ಗುವುದಿಲ್ಲ. ತೆಳು ಕೋಳಿ ಬಲೆ ಸಾಲದು, ಅದನ್ನು ಕಚ್ಚಿ ಹರಿದುಬಿಡುತ್ತವೆ. ಮಾಡಿನ ಅಂಚು ಗೋಡೆಯಿಂದ ಎರಡರಿಂದ ಮೂರು ಅಡಿ ಹೊರಗೆ ಚಾಚಿರಬೇಕು, ಇಲ್ಲದಿದ್ದರೆ ಇರಚಲು ಒಳಗೇ ಹೊಡೆಯುತ್ತದೆ. ಮೇಲಿನಿಂದ ಹಬೆ ಹೋಗಬೇಕು, ಕೆಳಗೆ ಕೋಳಿಯ ಮೈಗೆ ನೇರ ಗಾಳಿ ಬಡಿಯಬಾರದು.

ರಾತ್ರಿ ತಂಗಲು ದೊಡ್ಡ ಕೋಳಿಗೆ ತಲಾ ಎರಡು ಚದರಡಿ ಜಾಗ ಬೇಕು, ಕೂರುವ ಅಡ್ಡಕೋಲಿನಲ್ಲಿ ತಲಾ ಎಂಟು ಇಂಚು. ಮಳೆ ಜೋರಾಗಿರುವ ಕಡೆ ನೆಲದ ಗೂಡಿಗಿಂತ ಎರಡು ಮೂರು ಅಡಿ ಎತ್ತರದ ಅಟ್ಟದ ಗೂಡೇ ಮೇಲು. ಅಡಿಕೆ ದಬ್ಬೆಯನ್ನೋ ಸೀಳಿದ ಬಿದಿರನ್ನೋ ಮುಕ್ಕಾಲು ಇಂಚು ಸಂದು ಬಿಟ್ಟು ಬಡಿದರೆ ಹಿಕ್ಕೆ ಕೆಳಗೆ ಬೀಳುತ್ತದೆ. ಆದರೆ ಕೆಳಗೆ ಬಿದ್ದದ್ದನ್ನು ವಾರಕ್ಕೆರಡು ಸಲ ಎಳೆದು ಗೊಬ್ಬರದ ಗುಂಡಿಗೆ ಹಾಕದಿದ್ದರೆ ಅಟ್ಟ ಕಟ್ಟಿದ್ದೂ ವ್ಯರ್ಥ, ಅಮೋನಿಯಾ ನೇರ ಮೇಲಕ್ಕೇ ಬರುತ್ತದೆ.

ನೆಲದ ಗೂಡಾದರೆ ಭತ್ತದ ಹೊಟ್ಟು ಎರಡೂವರೆ ಇಂಚು ದಪ್ಪ ಹಾಸಿ. ನಾಲ್ಕಡಿ ಆರಡಿಯ ಗೂಡಿಗೆ ಒಂದು ಸಲಕ್ಕೆ ಸುಮಾರು 15 ಕೆ.ಜಿ. ಹಿಡಿಯುತ್ತದೆ. ಮಳೆಗಾಲದಲ್ಲಿ ನಾಲ್ಕೈದು ಸಲ ಬದಲಾಯಿಸಬೇಕು ಎಂದಿಟ್ಟುಕೊಂಡರೆ 60ರಿಂದ 75 ಕೆ.ಜಿ. ಹೊಟ್ಟನ್ನು ಮೇ ತಿಂಗಳಲ್ಲೇ ಒಣಗಿಸಿ, ಚೀಲಕ್ಕೆ ತುಂಬಿ, ನೆಲಕ್ಕೆ ತಾಗದ ಹಾಗೆ ಅಟ್ಟದಲ್ಲಿ ಇಡಬೇಕು. ಜುಲೈಯಲ್ಲಿ ಹುಡುಕಿಕೊಂಡು ಹೋದರೆ ಸಿಗುವುದು ತೇವದ ಹೊಟ್ಟೇ. ಕಾಫಿ ಸಿಪ್ಪೆ ಮನೆಯಲ್ಲೇ ರಾಶಿ ಬಿದ್ದಿದೆ ಎಂದು ಹಾಸುವವರಿದ್ದಾರೆ. ಅದು ಚೂರು ತೇವ ತಾಗಿದರೂ ಬೂಷ್ಟು ಹಿಡಿಯುತ್ತದೆ, ಮರಿಗಳಿರುವ ಗೂಡಿಗಂತೂ ಬೇಡವೇ ಬೇಡ.

ಹಾಸು ಸರಿಯಿದೆಯೇ ಎಂದು ನೋಡಲು ಒಂದು ಹಿಡಿ ತೆಗೆದುಕೊಂಡು ಮುಷ್ಟಿ ಬಿಗಿಹಿಡಿದು ಬಿಡಿ. ಉಂಡೆ ಕಟ್ಟಿ ಹಾಗೇ ನಿಂತರೆ ತೇವ ಹೆಚ್ಚಾಗಿದೆ, ತೆಗೆದು ಹಾಕಿ. ಅರೆಬರೆ ಅಂಟಿಕೊಂಡು ಮೆಲ್ಲಗೆ ಉದುರಿದರೆ ಸರಿ. ಕೈಗೆ ನಿಲ್ಲದೆ ಧೂಳೆದ್ದರೆ ಅತಿ ಒಣಗಿದೆ, ಆ ಧೂಳೂ ಶ್ವಾಸಕ್ಕೆ ಕೆಟ್ಟದ್ದೇ. ಮಳೆಗಾಲದಲ್ಲಿ ದಿನಕ್ಕೊಮ್ಮೆ ಕೋಲಿನಿಂದ ಕೆದಕಿ, ನೀರಿನ ಪಾತ್ರೆಯ ಸುತ್ತ ಗಟ್ಟಿಯಾದ ಹೆಪ್ಪನ್ನು ಅಂದಂದೇ ಎತ್ತಿ.

ಇಲ್ಲೊಂದು ತಪ್ಪು ತೀರಾ ಸಾಮಾನ್ಯ. ವಾಸನೆ ಬಂತೆಂದು ಒದ್ದೆ ಹಾಸಿನ ಮೇಲೆ ಸುಣ್ಣವನ್ನೋ ಒಲೆಯ ಬೂದಿಯನ್ನೋ ಎರಚುತ್ತಾರೆ. ಎರಡೂ ಕ್ಷಾರ. ಕ್ಷಾರ ಸೇರಿದರೆ ಹಿಕ್ಕೆಯಲ್ಲಿ ಕಟ್ಟಿಕೊಂಡಿದ್ದ ಅಮೋನಿಯಾ ಇನ್ನಷ್ಟು ಬೇಗ ಗಾಳಿಗೆ ಬಿಡುಗಡೆಯಾಗುತ್ತದೆ. ಸುಣ್ಣ ಹಾಕಬೇಕಾದ್ದು ಹಾಸನ್ನೆಲ್ಲ ತೆಗೆದು, ನೆಲ ಗುಡಿಸಿ, ಕೋಳಿ ಹೊರಗಿದ್ದಾಗ. ಬೂದಿಯನ್ನು ಬೇರೆ ಕಡೆ, ಮಾಡಿನ ಕೆಳಗೆ, ಕೋಳಿ ಹೊರಳಾಡಲು ಒಂದು ಗುಂಡಿಯಲ್ಲಿ ಮಣ್ಣಿನ ಜೊತೆ ಬೆರೆಸಿ ಇಟ್ಟರೆ ಹೇನು ಉಣ್ಣಿಗೆ ಒಳ್ಳೆಯದು.

ರಾತ್ರಿ ಕಿವಿಗೊಟ್ಟು ಕೇಳಿ

ಹಗಲು ತೋಟದಲ್ಲಿ ಮೇಯುವ ಕೋಳಿಯ ಕಾಯಿಲೆ ಬೇಗ ಗೊತ್ತಾಗುವುದಿಲ್ಲ. ಎಲ್ಲ ಹಕ್ಕಿಗಳ ಹಾಗೆ ಅದೂ ತನ್ನ ನಿತ್ರಾಣವನ್ನು ಅಡಗಿಸುತ್ತದೆ. ರಾತ್ರಿ ಎಂಟೂವರೆ ಒಂಬತ್ತಕ್ಕೆ, ಎಲ್ಲವೂ ಅಡ್ಡಕೋಲಿನ ಮೇಲೆ ಕೂತು ಸದ್ದಡಗಿದ ಮೇಲೆ, ದೀಪ ಆರಿಸಿ ಐದು ನಿಮಿಷ ಸುಮ್ಮನೆ ನಿಲ್ಲಿ. ಮಳೆಯ ಸದ್ದು ತುಸು ತಗ್ಗಿದ ಹೊತ್ತು ನೋಡಿಕೊಳ್ಳಿ. ನಾಳದಲ್ಲಿ ಕಫ ಆಡುವ ಗೊರಗೊರ, ಚಿಟಕಿ ಹೊಡೆದಂಥ ಸೀನು, ಉಸಿರು ಎಳೆಯುವಾಗ ಸಣ್ಣ ಸಿಳ್ಳೆ, ಇವು ಸ್ಪಷ್ಟವಾಗಿ ಕೇಳುತ್ತವೆ. ಯಾವ ಕೋಳಿ ಎಂದು ಟಾರ್ಚ್ ಹಾಕಿ ಗುರುತಿಸಿ, ಕಾಲಿಗೆ ಒಂದು ಬಟ್ಟೆ ಚೂರು ಕಟ್ಟಿ.

ಬೆಳಿಗ್ಗೆ ಅದನ್ನು ಹಿಡಿದು ಕ್ರಮವಾಗಿ ನೋಡಿ. ಮೂಗಿನ ತೂತಿನಲ್ಲಿ ನೀರಿದೆಯೇ, ಕಟ್ಟಿ ಗಟ್ಟಿಯಾಗಿದೆಯೇ? ಕಣ್ಣಿನ ಮೂಲೆಯಲ್ಲಿ ನೊರೆ ಇದೆಯೇ? ಮುಖ ಒಂದು ಕಡೆ ಊದಿದೆಯೇ? ಮೂಗಿನ ಹತ್ತಿರ ಮೂಸಿದರೆ ಕೊಳೆತ ನಾತ ಬರುತ್ತದೆಯೇ? ಕೊಕ್ಕು ಬಿಡಿಸಿ ಅಂಗುಳದ ಸೀಳು, ನಾಲಿಗೆ, ಗಂಟಲು ನೋಡಿ: ಹಳದಿ ಪೊರೆ, ಗಿಣ್ಣಿನಂಥ ಚೂರು ಏನಾದರೂ ಇದೆಯೇ? ಜುಟ್ಟು ಕೆಂಪಗಿದೆಯೋ, ನೀಲಿ ತಿರುಗಿದೆಯೋ? ಹಿಕ್ಕೆ ಹಸಿರೇ? ಇದಿಷ್ಟಕ್ಕೆ ಇನ್ನೆರಡು ಪ್ರಶ್ನೆ ಸೇರಿಸಿ: ಎಷ್ಟು ದಿನದಲ್ಲಿ ಎಷ್ಟು ಕೋಳಿಗೆ ಹರಡಿತು, ಯಾವ ವಯಸ್ಸಿನವಕ್ಕೆ ಬಂತು. ಬರಿ ಗೊರಗೊರ ಸದ್ದಿನಿಂದ ಕಾಯಿಲೆ ಯಾವುದೆಂದು ಯಾರಿಗೂ ಹೇಳಲಾಗದು. ಹರಡುವ ವೇಗ ಮತ್ತು ಜೊತೆಗಿರುವ ಲಕ್ಷಣ ಸೇರಿದರೆ ಬಹುತೇಕ ಅಂದಾಜು ಸಿಗುತ್ತದೆ.

ಹಿಂದಿರುವ ಕಾಯಿಲೆ ಯಾವುದು

ಒಂದೆರಡು ಕೋಳಿಯಿಂದ ಶುರುವಾಗಿ ವಾರಗಟ್ಟಲೆ ಮೆಲ್ಲಗೆ ಹರಡುತ್ತ, ಕಣ್ಣಲ್ಲಿ ನೊರೆ, ಗೊರಗೊರ, ಮೊಟ್ಟೆ ಇಳಿಮುಖ, ತೂಕ ಕಡಿಮೆ, ಆದರೆ ಸಾವು ಅಪರೂಪ ಎಂದರೆ ಅದು ಸಿಆರ್‌ಡಿ ಎನ್ನುವ ದೀರ್ಘಕಾಲದ ಉಸಿರಾಟದ ಕಾಯಿಲೆ ಇರುವ ಸಂಭವ ಹೆಚ್ಚು. ಕಾರಣ ಮೈಕೋಪ್ಲಾಸ್ಮಾ ಗ್ಯಾಲಿಸೆಪ್ಟಿಕಮ್ ಎಂಬ ಸೂಕ್ಷ್ಮಾಣು. ತಾಯಿ ಕೋಳಿಯಿಂದ ಮೊಟ್ಟೆಯ ಮೂಲಕವೇ ಮರಿಗೆ ದಾಟುತ್ತದೆ. ಎಷ್ಟೋ ಹಿಂಡುಗಳಲ್ಲಿ ಇದು ಸದ್ದಿಲ್ಲದೆ ಅಡಗಿದ್ದು ಮಳೆ, ಅಮೋನಿಯಾ, ಸಾಗಾಟದ ಆಯಾಸ ಸಿಕ್ಕಿದಾಗ ತಲೆ ಎತ್ತುತ್ತದೆ. ಇದರ ಮೇಲೆ ಇ. ಕೊಲೈ ಎಂಬ ಬ್ಯಾಕ್ಟೀರಿಯಾ ಸೇರಿಕೊಂಡರೆ ಆಗ ಸಾವು ಶುರು. ಕೊಯ್ದು ನೋಡಿದರೆ ಗಾಜಿನಂತಿರಬೇಕಾದ ಗಾಳಿಚೀಲ ಮಬ್ಬಾಗಿ, ಹಳದಿ ಕೀವಿನ ಪದರ ಹಿಡಿದಿರುತ್ತದೆ.

ಮುಖ ದಿಢೀರನೆ ಊದಿ, ಕಣ್ಣು ಮುಚ್ಚಿ, ಮೂಗಿನಿಂದ ನಾರುವ ಸಿಂಬಳ ಬಂದು, ವಾರ ಹತ್ತು ದಿನದೊಳಗೆ ಹೆಚ್ಚಿನ ಕೋಳಿಗಳಿಗೆ ಹಬ್ಬಿದರೆ ಕೊರೈಜಾ. ಆ ಕೆಟ್ಟ ವಾಸನೆಯೇ ಅದರ ಗುರುತು. ಇದು ಬ್ಯಾಕ್ಟೀರಿಯಾದ ಕಾಯಿಲೆ, ಮೊಟ್ಟೆಯ ಮೂಲಕ ಹರಡುವುದಿಲ್ಲ, ಕೋಳಿಯ ಮೈಯಿಂದ ಹೊರಗೆ ಆ ಬ್ಯಾಕ್ಟೀರಿಯಾ ಕೆಲವೇ ದಿನ ಬದುಕುತ್ತದೆ.

ಒಂದೆರಡು ದಿನದಲ್ಲೇ ಇಡೀ ಗೂಡು ಸೀನತೊಡಗಿ, ಮುಖ ಹೆಚ್ಚೇನೂ ಊದದೆ, ಆಮೇಲೆ ಮೊಟ್ಟೆಯ ಸಿಪ್ಪೆ ಸುಕ್ಕುಗಟ್ಟಿ ಒಳಗಿನ ಬಿಳಿ ನೀರಾಗಿದ್ದರೆ ಸಾಂಕ್ರಾಮಿಕ ಬ್ರಾಂಕೈಟಿಸ್. ಇದು ಕೋಳಿಗಳ ಕೊರೊನಾ ವೈರಸ್, ಮನುಷ್ಯರಿಗೆ ಬರುವುದಿಲ್ಲ. ಕತ್ತು ಉದ್ದ ಚಾಚಿ, ಬಾಯಿ ತೆರೆದು ಉಸಿರೆಳೆಯುತ್ತ, ತಲೆ ಒದರಿದಾಗ ಗೋಡೆಗೆ ರಕ್ತ ಬೆರೆತ ಕಫ ಹಾರಿದ್ದರೆ ಲ್ಯಾರಿಂಗೋಟ್ರೇಕೈಟಿಸ್ ಎಂಬ ಹರ್ಪಿಸ್ ಗುಂಪಿನ ವೈರಸ್ ಇರಬಹುದು.

ಕೊಕ್ಕರೆ ರೋಗ, ಅಂದರೆ ರಾಣಿಖೇತ್, ಎಲ್ಲಕ್ಕಿಂತ ಹೆಚ್ಚು ಕೋಳಿ ಕೊಲ್ಲುವ ಕಾಯಿಲೆ. 1926ರಲ್ಲಿ ಜಾವಾ ಮತ್ತು ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಗುರುತಿಸಿದ ಈ ವೈರಸ್ ಮರುವರ್ಷ ಕುಮಾವೂನ್ ಬೆಟ್ಟಗಳ ರಾಣಿಖೇತ್‌ನಲ್ಲಿ ಕಾಣಿಸಿಕೊಂಡಿತು, ಹೆಸರು ಅಲ್ಲಿಂದ ಬಂತು. ಬಾಯಿ ತೆರೆದು ಉಸಿರಾಟ, ಹಸಿರು ಬಿಳಿ ಭೇದಿ, ರೆಕ್ಕೆ ಜೋತುಬೀಳುವುದು, ಒಂದೆರಡು ದಿನ ಬದುಕಿದವಕ್ಕೆ ಕತ್ತು ತಿರುಚಿಕೊಳ್ಳುವುದು. ಲಸಿಕೆ ಹಾಕದ ಹಿಂಡಾದರೆ ಕೆಲವೇ ದಿನದಲ್ಲಿ ಗೂಡು ಖಾಲಿ. ಇದಕ್ಕೆ ಔಷಧಿ ಇಲ್ಲ.

ಎರಡು ಮೂರು ವಾರದ ಮರಿಗಳು ಮಾತ್ರ ಬಾಯಿ ತೆರೆದು ಏದುಸಿರು ಬಿಡುತ್ತಿದ್ದು, ಗೊರಗೊರ ಸದ್ದೇ ಇಲ್ಲದಿದ್ದರೆ ಬೂಷ್ಟಿನ ಕಾಯಿಲೆಯನ್ನು ಶಂಕಿಸಿ. ಆಸ್ಪರ್ಜಿಲಸ್ ಎಂಬ ಬೂಷ್ಟಿನ ಬೀಜಕಣ ಶ್ವಾಸಕೋಶಕ್ಕೆ ಹೊಕ್ಕು ಅಲ್ಲೇ ಬೆಳೆಯುತ್ತದೆ. ಸತ್ತ ಮರಿಯನ್ನು ಕೊಯ್ದರೆ ಶ್ವಾಸಕೋಶದಲ್ಲಿ ಸಾಸಿವೆ ಗಾತ್ರದ ಹಳದಿ ಬಿಳುಪಿನ ಗುಳ್ಳೆಗಳು ಕಾಣುತ್ತವೆ. ಇದು ಒಂದರಿಂದ ಇನ್ನೊಂದಕ್ಕೆ ಅಂಟುವುದಿಲ್ಲ, ಎಲ್ಲವೂ ಒಂದೇ ಬೂಷ್ಟು ಹಾಸಿನ ಮೇಲಿದ್ದದ್ದರಿಂದ ಎಲ್ಲಕ್ಕೂ ಬಂದಿರುತ್ತದೆ. ಹಿಂಡಿಗೆ ಕೊಡಬಹುದಾದ ಚಿಕಿತ್ಸೆ ಇಲ್ಲ, ಲಸಿಕೆಯೂ ಇಲ್ಲ. ಆಂಟಿಬಯೋಟಿಕ್ ಕೊಟ್ಟರೆ ಏನೂ ಪ್ರಯೋಜನವಿಲ್ಲ. ಕೊಡಗಿನ ಮಳೆಗಾಲದಲ್ಲಿ ಮರಿ ಸಾಯಲು ಇದು ದೊಡ್ಡ ಕಾರಣ, ಆದರೆ ಬಹಳ ಮಂದಿ ಇದನ್ನು ‘ಶೀತ’ ಎಂದೇ ಬಿಟ್ಟುಬಿಡುತ್ತಾರೆ.

ಸೋಂಕಲ್ಲದಿದ್ದರೂ ಹಾಗೇ ಕಾಣುವ ಎರಡು ತೊಂದರೆಗಳಿವೆ. ಎರೆಹುಳು ಹೆಚ್ಚಿರುವ ತೇವದ ಮಣ್ಣಿನಲ್ಲಿ ಮೇಯುವ ಎಳೆಯ ಕೋಳಿಗಳ ಶ್ವಾಸನಾಳದಲ್ಲಿ ಕೆಂಪು ಹುಳು ಸೇರಿಕೊಂಡು ಅವು ಆಕಳಿಸಿದಂತೆ ಬಾಯಿ ತೆರೆಯುತ್ತವೆ. ಗಂಡು ಹೆಣ್ಣು ಅಂಟಿಕೊಂಡೇ ಇರುವುದರಿಂದ ಈ ಹುಳು ಕವಲೊಡೆದ ದಾರದಂತೆ ಕಾಣುತ್ತದೆ. ಇದಕ್ಕೆ ಫೆನ್‌ಬೆಂಡಜೋಲ್ ಎಂಬ ಹುಳುವಿನ ಔಷಧಿ ಬೇಕು. ಇನ್ನೊಂದು ವಿಟಮಿನ್ ಎ ಕೊರತೆ: ಬಿಳಿ ಅಕ್ಕಿ, ತೌಡನ್ನಷ್ಟೇ ತಿಂದ ಕೋಳಿಗಳ ಬಾಯಿ, ಗಂಟಲಲ್ಲಿ ಬಿಳಿ ಗುಳ್ಳೆಯೆದ್ದು ಕಣ್ಣು ಅಂಟಿಕೊಳ್ಳುತ್ತದೆ. ನುಗ್ಗೆ ಸೊಪ್ಪು, ಹಳದಿ ಮೆಕ್ಕೆಜೋಳ, ಮಾಗಿದ ಕುಂಬಳಕಾಯಿ ಕೊಟ್ಟರೆ ಸರಿಹೋಗುತ್ತದೆ. ಸೊಳ್ಳೆಯಿಂದ ಹರಡುವ ಕೋಳಿ ಸಿಡುಬು ಕೂಡ ಗಂಟಲೊಳಗೆ ಪೊರೆ ಕಟ್ಟಿ ಉಸಿರು ಕಟ್ಟಿಸುವುದುಂಟು. ಜುಟ್ಟಿನ ಮೇಲೆ ಕಜ್ಜಿ ಇದೆಯೇ ನೋಡಿ.

ಒಂದೇ ದಿನ ಹಲವು ಕೋಳಿ ಏಕಾಏಕಿ ಸತ್ತರೆ, ಜುಟ್ಟು ನೀಲಿಗಟ್ಟಿ, ತಲೆ ಊದಿ, ಕಾಲಿನ ಚರ್ಮದಡಿ ರಕ್ತ ಹೆಪ್ಪುಗಟ್ಟಿದ್ದರೆ ಮುಟ್ಟಬೇಡಿ, ಕೊಯ್ಯಬೇಡಿ, ಸಾರು ಮಾಡಬೇಡಿ. ಹಕ್ಕಿಜ್ವರವೂ ರಾಣಿಖೇತೂ ಹೊರನೋಟಕ್ಕೆ ಒಂದೇ ಥರ, ಪ್ರಯೋಗಾಲಯ ಮಾತ್ರ ಬೇರ್ಪಡಿಸಿ ಹೇಳಬಲ್ಲದು. ಪಕ್ಕದ ಕೇರಳದಲ್ಲಿ ಹಕ್ಕಿಜ್ವರ ಹಲವು ಸಲ ಬಂದಿದೆ, ಗಡಿಯ ಕುಟ್ಟ, ಮಾಕುಟ್ಟದ ಮೂಲಕ ಕೋಳಿ ಸಾಗಾಟ ನಡೆಯುತ್ತದೆ. ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ, ಅಥವಾ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ. ಹೇಳಿದರೆ ಕೋಳಿಗಳನ್ನೆಲ್ಲ ಕೊಲ್ಲುತ್ತಾರೆ ಎಂಬ ಹೆದರಿಕೆಯಿಂದ ಮುಚ್ಚಿಡುವವರಿದ್ದಾರೆ. ಅದು ಮನೆಯ ಮಕ್ಕಳ ಜೀವದ ಜೊತೆ ಆಡಿದಂತೆ.

ಮೊದಲ ದಿನದ ಕೆಲಸ

ಗೊರಗುಟ್ಟುವ ಕೋಳಿಯನ್ನು ತಕ್ಷಣ ಬೇರೆ ಮಾಡಿ. ಅದೇ ಗೂಡಿನ ಮೂಲೆಯಲ್ಲಿ ಬುಟ್ಟಿ ಕವುಚಿದರೆ ಬೇರ್ಪಡಿಸಿದಂತಾಗುವುದಿಲ್ಲ. ಕನಿಷ್ಠ ಮೂವತ್ತು ನಲವತ್ತು ಅಡಿ ದೂರದ ಕೊಟ್ಟಿಗೆಯೋ ಸೌದೆ ಮನೆಯೋ ಬೇಕು, ಆದರೆ ಹೊಗೆ ಬರುವ ಅಡುಗೆಮನೆಯ ಹಿಂಭಾಗ ಬೇಡ. ಒಣ ಹೊಟ್ಟು ಹಾಸಿ, ಪಕ್ಕದಲ್ಲಿ 60 ವಾಟಿನ ಹಳೇ ಬಲ್ಬ್ ಒಂದನ್ನು ಹೊಟ್ಟಿಗೆ ತಾಗದಂತೆ ತೂಗುಹಾಕಿ, ಬೇಕಾದಾಗ ದೂರ ಸರಿಯಲು ಜಾಗ ಬಿಡಿ. ನೀರು, ಮೇವಿನ ಪಾತ್ರೆ ಬೇರೆ ಇರಲಿ. ದಿನವೂ ಆರೋಗ್ಯವಂತ ಕೋಳಿಗಳ ಕೆಲಸ ಮುಗಿಸಿ ಕೊನೆಗೆ ಇದರ ಹತ್ತಿರ ಹೋಗಿ, ಚಪ್ಪಲಿ ಬದಲಿಸಿ.

ಕಣ್ಣು ಮೂಗು ಕಟ್ಟಿದ್ದರೆ, ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 9 ಗ್ರಾಂ ಉಪ್ಪು ಹಾಕಿ, ಹತ್ತಿಯಲ್ಲಿ ಅದ್ದಿ ಒರೆಸಿ. ಮೂಗು ಕಟ್ಟಿದ ಕೋಳಿಗೆ ಮೇವಿನ ವಾಸನೆಯೂ ತಿಳಿಯದು, ಉಸಿರು ಬಿಟ್ಟು ನುಂಗಲೂ ಆಗದು. ಬೆಚ್ಚಗಿನ ನೀರಲ್ಲಿ ಕಲಸಿದ ಮೇವು ಕೊಟ್ಟರೆ ತಿನ್ನುತ್ತದೆ.

ಕಷಾಯ, ಎಣ್ಣೆ, ಬೆಲ್ಲದ ನೀರು ಯಾವುದನ್ನೂ ಕೊಕ್ಕು ತೆರೆದು ಗಂಟಲಿಗೆ ಸುರಿಯಬೇಡಿ. ಕೋಳಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ತೆರೆದಿರುತ್ತದೆ, ಅದನ್ನು ಮುಚ್ಚುವ ಕಿರುನಾಲಿಗೆ ಇಲ್ಲ. ಸುರಿದದ್ದು ನೇರ ಶ್ವಾಸಕೋಶಕ್ಕೆ ಇಳಿದು, ರೋಗದಿಂದ ಸಾಯದ ಕೋಳಿ ಉಪಚಾರದಿಂದ ಸಾಯುತ್ತದೆ. ಕುಡಿಸಲೇಬೇಕಾದರೆ ಕೊಕ್ಕಿನ ಪಕ್ಕದಲ್ಲಿ ಒಂದೊಂದೇ ಹನಿ ಬಿಟ್ಟು ಅದಾಗಿ ನುಂಗುವವರೆಗೆ ಕಾಯಿರಿ. ಅರಿಸಿನ, ಬೆಳ್ಳುಳ್ಳಿ, ತುಳಸಿಯನ್ನು ಮೇವಿಗೆ ಬೆರೆಸಿದರೆ ಕೆಡುಕಿಲ್ಲ, ಆದರೆ ಅದನ್ನು ನಂಬಿ ನಾಲ್ಕು ದಿನ ಕಳೆಯಬೇಡಿ. ಮೆಣಸಿನ ಹೊಗೆ, ಸಾಂಬ್ರಾಣಿ ಹೊಗೆ ಹಾಕುವುದು ಉರಿಯುವ ನಾಳಕ್ಕೆ ಇನ್ನಷ್ಟು ಉರಿ.

ಔಷಧಿಯ ಲೆಕ್ಕ

ವೈರಸ್ ಕಾಯಿಲೆಗಳಿಗೆ ಆಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ, ಮೇಲೆ ಬಂದು ಸೇರುವ ಬ್ಯಾಕ್ಟೀರಿಯಾವನ್ನಷ್ಟೇ ತಡೆಯುತ್ತದೆ. ಸಿಆರ್‌ಡಿಗೆ ಟೈಲೋಸಿನ್, ಡಾಕ್ಸಿಸೈಕ್ಲಿನ್, ಟಿಯಾಮುಲಿನ್ ಬಳಸುತ್ತಾರೆ. ಮನೆಯಲ್ಲಿ ಉಳಿದಿದ್ದ ಅಮಾಕ್ಸಿಸಿಲಿನ್ ಕ್ಯಾಪ್ಸೂಲ್ ಬಿಚ್ಚಿ ಹಾಕಿದರೆ ಇದಕ್ಕೆ ತಾಗುವುದಿಲ್ಲ. ಪೆನಿಸಿಲಿನ್ ಗುಂಪಿನ ಔಷಧಿಗಳು ಬ್ಯಾಕ್ಟೀರಿಯಾದ ಹೊರಗೋಡೆ ಕಟ್ಟುವುದನ್ನು ತಡೆದು ಕೊಲ್ಲುತ್ತವೆ, ಮೈಕೋಪ್ಲಾಸ್ಮಾಗೆ ಆ ಗೋಡೆಯೇ ಇಲ್ಲ. ಕೊರೈಜಾಗೆ ಸಲ್ಫಾ ಮತ್ತು ಟ್ರೈಮೆಥೋಪ್ರಿಮ್ ಸೇರಿದ ಔಷಧಿ ಸಾಮಾನ್ಯವಾಗಿ ಚೆನ್ನಾಗಿ ಕೆಲಸ ಮಾಡುತ್ತದೆ. ಕೊಲಿಸ್ಟಿನ್ ಇರುವ ಪುಡಿ ಯಾರಾದರೂ ಕೊಟ್ಟರೆ ತೆಗೆದುಕೊಳ್ಳಬೇಡಿ, ಅದನ್ನು ಪ್ರಾಣಿಗಳಿಗೆ ಕೊಡುವುದನ್ನು 2019ರಲ್ಲೇ ಕೇಂದ್ರ ಸರ್ಕಾರ ನಿಷೇಧಿಸಿದೆ. ಯಾವ ಔಷಧಿ, ಎಷ್ಟು ದಿನ ಎಂಬುದನ್ನು ಕೋಳಿ ನೋಡಿದ ಪಶುವೈದ್ಯರೇ ಹೇಳಬೇಕು. ಅವರು ಹೇಳಿದ್ದು ಕೋಳಿಯ ಹೊಟ್ಟೆಗೆ ಸರಿಯಾಗಿ ಸೇರುವಂತೆ ಮಾಡುವುದು ನಮ್ಮ ಕೆಲಸ, ಹೆಚ್ಚಾಗಿ ಎಡವುವುದೂ ಇಲ್ಲೇ.

ಉದಾಹರಣೆಗೆ ಲೀಟರಿಗೆ ಅರ್ಧ ಗ್ರಾಂ ಟೈಲೋಸಿನ್ ಎಂದು ಬರೆದುಕೊಟ್ಟರೆ, ಹನ್ನೆರಡು ಕೋಳಿಗಳ ದಿನದ ಎರಡೂವರೆ ಲೀಟರ್ ನೀರಿಗೆ 1.25 ಗ್ರಾಂ ಶುದ್ಧ ಔಷಧಿ ಬೇಕು. ಪೊಟ್ಟಣದ ಪುಡಿಯಲ್ಲಿ ಔಷಧಿ ಎಷ್ಟು ಪಾಲು ಇದೆ ಎಂದು ಓದಿ ಲೆಕ್ಕ ಹಾಕಬೇಕು. ಚಮಚದ ಅಳತೆ ನಂಬುವಂಥದ್ದಲ್ಲ, ಗ್ರಾಂ ತೂಗುವ ಸಣ್ಣ ಡಿಜಿಟಲ್ ತಕ್ಕಡಿ ಬೇಕು. ಇನ್ನು ಮಳೆಗಾಲದಲ್ಲಿ ಕೋಳಿ ನೀರು ಕುಡಿಯುವುದೇ ಕಡಿಮೆ. ಹೊರಗೆ ಬಿಟ್ಟರೆ ತೋಟದ ಗುಂಡಿ, ಎಲೆಯ ಮೇಲಿನ ನೀರು ಕುಡಿದು ಬರುತ್ತದೆ, ಔಷಧಿಯ ಪಾತ್ರೆ ಮುಟ್ಟುವುದೂ ಇಲ್ಲ. ಹಾಗಾಗಿ ಔಷಧಿ ಕೊಡುವ ಮೂರರಿಂದ ಐದು ದಿನ ಒಳಗೇ ಕೂಡಿಡಿ. ನಿನ್ನೆ ಎಷ್ಟು ಕುಡಿದಿದ್ದವೋ ಅಷ್ಟೇ ನೀರಿಗೆ ಪುಡಿ ಕಲಸಿ, ಪ್ರತಿದಿನ ಹೊಸದಾಗಿ. ಪೂರ್ತಿ ನಿತ್ರಾಣವಾದ ಕೋಳಿ ನೀರಿನ ಪಾತ್ರೆಯ ಬಳಿಗೇ ಹೋಗುವುದಿಲ್ಲ, ಅದಕ್ಕೆ ಬೇರೆಯಾಗಿ ಹನಿ ಹಾಕಬೇಕು ಅಥವಾ ವೈದ್ಯರಿಂದ ಇಂಜೆಕ್ಷನ್ ಕೊಡಿಸಬೇಕು. ಡಾಕ್ಸಿಸೈಕ್ಲಿನ್ ಕೊಡುವಾಗ ಕಪ್ಪೆಚಿಪ್ಪಿನ ಪುಡಿ, ಸುಣ್ಣದ ತಿಳಿ, ಹಾಲು ಕೊಡಬಾರದು. ಕ್ಯಾಲ್ಸಿಯಂ ಅದನ್ನು ಹಿಡಿದುಕೊಂಡು ಮೈಗೆ ಸೇರಲು ಬಿಡುವುದಿಲ್ಲ.

ಟಿಯಾಮುಲಿನ್ ಬಗ್ಗೆ ವಿಶೇಷ ಎಚ್ಚರಿಕೆ ಬೇಕು. ಅಂಗಡಿಯಲ್ಲಿ ಸಿಗುವ ಬ್ರಾಯ್ಲರ್ ಮೇವಿನಲ್ಲಿ ರಕ್ತಭೇದಿ ತಡೆಯಲು ಸಲಿನೋಮೈಸಿನ್ ಅಥವಾ ಮೊನೆನ್ಸಿನ್ ಬೆರೆಸಿರುವುದುಂಟು. ಅವುಗಳ ಜೊತೆ ಟಿಯಾಮುಲಿನ್ ಹೊಟ್ಟೆಗೆ ಹೋದರೆ ವಿಷವಾಗಿ, ಕೋಳಿ ಕಾಲು ಸ್ವಾಧೀನ ತಪ್ಪಿ ಸಾಯುತ್ತದೆ. ಚೀಲದ ಚೀಟಿ ಓದಿ, ಇಲ್ಲವೇ ಆ ದಿನಗಳಲ್ಲಿ ಬರಿ ಜೋಳ, ತೌಡು ಕೊಡಿ. ಔಷಧಿ ಮುಗಿದ ಮೇಲೂ ಪೊಟ್ಟಣದ ಮೇಲೆ ನಮೂದಿಸಿದ ದಿನಗಳು ಕಳೆಯುವವರೆಗೆ ಆ ಮೊಟ್ಟೆ, ಮಾಂಸ ತಿನ್ನಬಾರದು, ಮಾರಲೂಬಾರದು.

ಸತ್ತ ಕೋಳಿಯನ್ನು ಹೊಳೆಗೆ, ತೋಡಿಗೆ ಎಸೆಯುವುದು ಇನ್ನೂ ನಿಂತಿಲ್ಲ. ಅದು ಕೆಳಗಿನ ಊರಿಗೆಲ್ಲ ರೋಗ ಹಂಚಿದಂತೆ. ಬಾವಿಯಿಂದ ದೂರ, ಮೂರಡಿ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ, ಮೇಲೆ ಕಲ್ಲು ಹೇರಿ. ಹಕ್ಕಿಜ್ವರದ ಶಂಕೆ ಇಲ್ಲದೆ, ಪರೀಕ್ಷೆಗೆ ಒಯ್ಯುವುದಾದರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಐಸ್ ಮೇಲಿಟ್ಟು ಅದೇ ದಿನ ಪಶು ಆಸ್ಪತ್ರೆಗೆ ತಲುಪಿಸಿ. ಫ್ರೀಜರ್‌ನಲ್ಲಿ ಗಟ್ಟಿಯಾಗಿಸಿದರೆ ಒಳಗಿನ ಗುರುತುಗಳು ಹಾಳಾಗುತ್ತವೆ.

ಲಸಿಕೆ

ಕೊಕ್ಕರೆ ರೋಗದ ಲಸಿಕೆ ಅಗ್ಗ, ಬೆಂಗಳೂರಿನ ಹೆಬ್ಬಾಳದ ಸರ್ಕಾರಿ ಸಂಸ್ಥೆಯಲ್ಲೇ ತಯಾರಾಗುತ್ತದೆ. ಆದರೂ ಹಿತ್ತಲ ಕೋಳಿಗೆ ಸಿಗದಿರಲು ಕಾರಣ ಸೀಸೆಯ ಗಾತ್ರ. ನೂರಾರು ಕೋಳಿಗಳಿಗೆ ಆಗುವ ಸೀಸೆಯನ್ನು ಒಮ್ಮೆ ಕಲಸಿದರೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು, ಮನೆಯಲ್ಲಿರುವುದು ಹತ್ತು ಹದಿನೈದು ಕೋಳಿ. ಅಕ್ಕಪಕ್ಕದ ಹತ್ತು ಮನೆ, ತೋಟದ ಕಾರ್ಮಿಕರ ಲೈನ್ ಮನೆಗಳವರು ಸೇರಿ ಒಂದೇ ದಿನ ಹಾಕಿಸುವುದೇ ಇದಕ್ಕೆ ದಾರಿ. ಸ್ವಸಹಾಯ ಸಂಘಗಳು ಮನಸ್ಸು ಮಾಡಿದರೆ ಒಂದು ಬೆಳಗ್ಗೆಯ ಕೆಲಸ. ಒಬ್ಬರ ಮನೆಗೆ ಮಾತ್ರ ಹಾಕಿ ಪಕ್ಕದವರದ್ದನ್ನು ಬಿಟ್ಟರೆ ವೈರಸ್ ಊರಲ್ಲೇ ಸುತ್ತುತ್ತಿರುತ್ತದೆ.

ಮರಿಗೆ ಐದರಿಂದ ಏಳನೇ ದಿನ ಎಫ್ ಅಥವಾ ಲಸೋಟಾ ಲಸಿಕೆ, ಕಣ್ಣಿಗೆ ಇಲ್ಲವೇ ಮೂಗಿಗೆ ಒಂದು ಹನಿ. ಹನಿ ಬಿದ್ದ ಮೇಲೆ ಮರಿ ಕಣ್ಣು ಮಿಟುಕಿಸುವವರೆಗೆ ಕೈಬಿಡಬೇಡಿ, ಬಿಟ್ಟರೆ ತಲೆ ಒದರಿ ಹೊರಚೆಲ್ಲುತ್ತದೆ. ನಾಲ್ಕನೇ ವಾರ ಲಸೋಟಾ ಮತ್ತೊಮ್ಮೆ. ಎಂಟರಿಂದ ಹತ್ತನೇ ವಾರ ಆರ್‌2ಬಿ ಲಸಿಕೆ, ಅರ್ಧ ಮಿಲಿಲೀಟರ್ ಚರ್ಮದಡಿ. ಆರ್‌2ಬಿ ಬಲವಾದ ಲಸಿಕೆ. ಎಳೆಯ ಮರಿಗೆ ಕೊಟ್ಟರೆ ಲಸಿಕೆಯಿಂದಲೇ ಕಾಯಿಲೆ ಬಂದು ಸಾಯಬಹುದು, ಮೊಟ್ಟೆಯಿಡುತ್ತಿರುವ ಹೇಂಟೆಗೆ ಕೊಟ್ಟರೆ ಮೊಟ್ಟೆ ಇಳಿಯುತ್ತದೆ. ನಡುವೆ ಎರಡನೇ ವಾರ ಗಂಬೋರೊ ಲಸಿಕೆ ಹಾಕಿಸುವುದು ಉಸಿರಾಟಕ್ಕೂ ಲಾಭ, ಏಕೆಂದರೆ ಗಂಬೋರೊ ಮರಿಯ ರೋಗನಿರೋಧಕ ಶಕ್ತಿಯನ್ನೇ ಕೆಡಿಸುವ ಕಾಯಿಲೆ. ಕೋಳಿ ಸಿಡುಬಿನ ಲಸಿಕೆ ಆರೇಳನೇ ವಾರ, ರೆಕ್ಕೆಯ ತೆಳು ಚರ್ಮಕ್ಕೆ ಚುಚ್ಚುತ್ತಾರೆ.

ಲಸಿಕೆಯನ್ನು ಆಸ್ಪತ್ರೆಯಿಂದ ಐಸ್ ತುಂಬಿದ ಫ್ಲಾಸ್ಕ್‌ನಲ್ಲೇ ತರಬೇಕು, 2ರಿಂದ 8 ಡಿಗ್ರಿ ದಾಟಬಾರದು. ಕರೆಂಟ್ ದಿನಗಟ್ಟಲೆ ಹೋಗುವ ಜುಲೈಯಲ್ಲಿ ಮನೆಯ ಫ್ರಿಜ್ ನಂಬಿ ಇಡಬೇಡಿ. ನೀರಿನಲ್ಲಿ ಕೊಡುವ ಲಸೋಟಾಗೆ ಬ್ಲೀಚಿಂಗ್ ಪೌಡರ್ ಹಾಕಿದ ನೀರು ಆಗದು, ಕ್ಲೋರಿನ್ ಲಸಿಕೆಯ ಜೀವಂತ ವೈರಸ್ಸನ್ನು ಕೊಲ್ಲುತ್ತದೆ. ಬಾವಿ ನೀರಿಗೆ ಲೀಟರಿಗೆ 5 ಗ್ರಾಂ ಕೆನೆರಹಿತ ಹಾಲಿನ ಪುಡಿ ಬೆರೆಸಿ, ಎರಡು ಗಂಟೆ ಬಾಯಾರಿಸಿದ ಕೋಳಿಗಳಿಗೆ ಕೊಟ್ಟು, ಒಂದೆರಡು ಗಂಟೆಯಲ್ಲಿ ಪಾತ್ರೆ ಖಾಲಿಯಾಗುವಂತೆ ನೋಡಿಕೊಳ್ಳಿ. ಗೊರಗುಟ್ಟುತ್ತಿರುವ ಹಿಂಡಿಗೆ ಲಸಿಕೆ ಹಾಕಬಾರದು, ಕಾಯಿಲೆ ಇನ್ನೂ ಕೆರಳುತ್ತದೆ. ಲಸಿಕೆಯ ಬಲ ಬರಲು ಎರಡು ವಾರ ಬೇಕಾಗುವುದರಿಂದ ಮಳೆ ಹಿಡಿಯುವ ಮೊದಲು, ಮೇ ತಿಂಗಳ ಮೊದಲರ್ಧದಲ್ಲೇ ಮುಗಿಸುವುದು ಒಳ್ಳೆಯದು.

ಸಂತೆಯ ಕೋಳಿ, ಬುಟ್ಟಿಯ ಮರಿ

ಕಕ್ಕಡ ಎಂಬ ಮಳೆ ತಿಂಗಳಲ್ಲಿ ನಾಟಿ ಕೋಳಿ ಸಾರಿಗೆ, ಆಮೇಲೆ ಕೈಲ್ ಪೊಳ್ದ್, ಪುತ್ತರಿ ಹಬ್ಬಗಳಿಗೆ ಎಂದು ಸಂತೆಗಳಲ್ಲಿ ಕೋಳಿ ಕೈ ಬದಲಾಗುತ್ತಲೇ ಇರುತ್ತದೆ. ಹತ್ತಾರು ಊರುಗಳ ಕೋಳಿ ಒಂದೇ ಬುಟ್ಟಿಯಲ್ಲಿ ಕಾಲು ಕಟ್ಟಿಸಿಕೊಂಡು ಮೂರು ತಾಸು ಕೂತರೆ ಸಾಕು. ಅಲ್ಲಿಂದ ತಂದದ್ದನ್ನು ಆ ದಿನವೇ ಕೊಯ್ಯುವುದಾದರೆ ನಿಮ್ಮ ಗೂಡಿನ ಹತ್ತಿರ ಕಟ್ಟಬೇಡಿ, ಗರಿ, ಕರುಳನ್ನು ಸಾಕಿದ ಕೋಳಿಗಳಿಗೆ ಹಾಕಬೇಡಿ. ಸಾಕುವುದಕ್ಕಾದರೆ ಮೂರರಿಂದ ನಾಲ್ಕು ವಾರ ಬೇರೆಯಾಗಿ ಇಟ್ಟು, ರಾತ್ರಿ ಕಿವಿಗೊಟ್ಟು ಕೇಳಿ, ಆಮೇಲೆ ಸೇರಿಸಿ. ಮಾರಲು ಒಯ್ದು ಮಾರಾಟವಾಗದೆ ವಾಪಸ್ ಬಂದ ನಿಮ್ಮದೇ ಹುಂಜಕ್ಕೂ ಇದೇ ನಿಯಮ. ಬೈಕಿನ ಬುಟ್ಟಿಯಲ್ಲಿ ಮನೆ ಬಾಗಿಲಿಗೆ ಬರುವ ಮರಿಗಳಿಗೆ ಯಾವ ಲಸಿಕೆ ಆಗಿದೆ ಎಂದು ಕೇಳಿದರೆ ಖಚಿತ ಉತ್ತರ ಸಿಗುವುದು ಅಪರೂಪ. ಗಿರಿರಾಜ, ಸ್ವರ್ಣಧಾರ ತಳಿಯ ಮರಿ ಬೇಕಿದ್ದರೆ ಲಸಿಕೆಯ ವಿವರ ಬರೆದುಕೊಡುವ ಕಡೆಯಿಂದಲೇ ತನ್ನಿ.

ಗುಣವಾದ ಕೋಳಿಯ ಪ್ರಶ್ನೆ

ಸಿಆರ್‌ಡಿ, ಕೊರೈಜಾ, ಲ್ಯಾರಿಂಗೋಟ್ರೇಕೈಟಿಸ್ ಮೂರರಲ್ಲೂ ಗುಣವಾಗಿ ಓಡಾಡುವ ಕೋಳಿ ರೋಗಾಣುವನ್ನು ಹೊತ್ತುಕೊಂಡೇ ಇರುತ್ತದೆ. ಇಲ್ಲಿ ಎರಡೇ ದಾರಿ. ಒಂದು, ಇರುವ ಹಿಂಡನ್ನು ಮುಚ್ಚಿದ ಹಿಂಡಾಗಿ ಇಟ್ಟುಕೊಳ್ಳುವುದು: ಹೊಸ ಕೋಳಿ ಸೇರಿಸುವುದಿಲ್ಲ, ಸಾಕಲು ಯಾರಿಗೂ ಕೊಡುವುದಿಲ್ಲ, ಸಿಆರ್‌ಡಿ ಬಂದಿದ್ದರೆ ಆ ಮೊಟ್ಟೆಯನ್ನು ಕಾವಿಗೆ ಇಡುವುದಿಲ್ಲ. ಇನ್ನೊಂದು, ಔಷಧಿಯ ಅವಧಿ ಕಳೆದ ಮೇಲೆ ಹಬ್ಬದ ಹೊತ್ತಿಗೆ ಎಲ್ಲವನ್ನೂ ಅಡುಗೆಗೆ ತೀರಿಸಿ ಗೂಡನ್ನು ಖಾಲಿ ಮಾಡುವುದು. ಹತ್ತು ಹದಿನೈದು ಕೋಳಿಯ ಮನೆಗೆ ಎರಡನೆಯದೇ ಸರಿ. ಅರ್ಧ ಹಳತು ಉಳಿಸಿಕೊಂಡು ಅರ್ಧ ಹೊಸ ಮರಿ ತಂದು ಬೆರೆಸಿದರೆ ಹೊಸವು ಮೂರನೇ ವಾರಕ್ಕೆ ಗೊರಗುಟ್ಟುತ್ತವೆ.

ಖಾಲಿಯಾದ ಗೂಡಿಗೆ ನೇರ ಬ್ಲೀಚಿಂಗ್ ನೀರು ಚೆಲ್ಲಿದರೆ ಫಲವಿಲ್ಲ, ಹಿಕ್ಕೆಯ ಹೆಪ್ಪಿನೊಳಗೆ ಅದು ಇಳಿಯುವುದೇ ಇಲ್ಲ. ಮೊದಲು ಹಾಸು ತೆಗೆದು ಗೊಬ್ಬರದ ಗುಂಡಿಗೆ ಹಾಕಿ ಮಣ್ಣು ಮುಚ್ಚಿ, ಒಣಗಿದ ಹಿಕ್ಕೆಯನ್ನು ಕೆರೆದು ತೆಗೆದು, ಸೋಪಿನ ನೀರಲ್ಲಿ ಉಜ್ಜಿ, ಒಣಗಿಸಿ, ಆಮೇಲೆ ಸೋಂಕುನಾಶಕ, ಕೊನೆಗೆ ಸುಣ್ಣ ಬಳಿಯುವುದು. ಅಡ್ಡಕೋಲುಗಳನ್ನು ಕಳಚಿ ಬಿಸಿಲಿಗೆ ಹಾಕಿ, ಬಿರುಕು ಬಿಟ್ಟಿದ್ದರೆ ಒಲೆಗೆ. ಮೂರು ವಾರ ಗೂಡು ಖಾಲಿ ಇರಲಿ. ಇದೆಲ್ಲ ಆಗುವುದು ಬಿಸಿಲು ಬಂದ ಮೇಲೆ, ಅಕ್ಟೋಬರ್ ನವೆಂಬರ್‌ನಲ್ಲಿ. ಹೊಸ ಮರಿಯನ್ನು ಡಿಸೆಂಬರ್ ಹೊತ್ತಿಗೆ ತಂದರೆ, ಮೊದಲ ವಾರ 35 ಡಿಗ್ರಿ, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಬಲ್ಬಿನ ಕಾವಿನಲ್ಲಿ ಸಾಕಬಹುದು. ಆಗ ಹಾಸೂ ಒಣಗಿರುತ್ತದೆ, ಕರೆಂಟೂ ಮಳೆಗಾಲದಷ್ಟು ಕೈಕೊಡುವುದಿಲ್ಲ. ಫೆಬ್ರವರಿ ಮುಗಿಯುವುದರೊಳಗೆ ಲಸಿಕೆಗಳೆಲ್ಲ ಆಗಿ, ಜೂನ್‌ನಲ್ಲಿ ಮಳೆ ಹಿಡಿಯುವ ಹೊತ್ತಿಗೆ ಅವಕ್ಕೆ ಆರು ತಿಂಗಳು ತುಂಬಿರುತ್ತದೆ. ಮೇ ಜೂನ್‌ನಲ್ಲಿ ಮರಿ ಕೊಳ್ಳುವವರು ಇದೇ ಮರಿಗಳನ್ನು ವರ್ಷದ ಅತಿ ಕೆಟ್ಟ ಗಾಳಿಯಲ್ಲಿ ಬೆಳೆಸಬೇಕಾಗುತ್ತದೆ.